ಡ್ರಗ್ ಟೆಸ್ಟ್ ಪತ್ರಕ್ಕೆ ಸಹಿ ಹಾಕುವ ಮುನ್ನ: ಅಮೆರಿಕದಲ್ಲಿ ಮಿಡ್ಲ್ ಸ್ಕೂಲ್ ಮಕ್ಕಳಿರುವ ಕನ್ನಡಿಗರಿಗೆ

ಆಗಸ್ಟ್ ಬಂದರೆ ಸಾಕು, ಯಾರಾದರೊಬ್ಬರು ಫೋನ್ ಮಾಡಿ ಇದೇ ವಿಷಯ ಎತ್ತುತ್ತಾರೆ. ಮಗಳು ಏಳನೇ ಕ್ಲಾಸು, ಓಟದ ತಂಡಕ್ಕೆ ಸೇರಬೇಕಂತೆ. ಶಾಲೆಯಿಂದ ಬಂದ ಹಾಳೆಗಳ ಕಟ್ಟಿನಲ್ಲಿ, ಡಾಕ್ಟರ್ ಸರ್ಟಿಫಿಕೇಟಿನ ಫಾರಂ ಕೆಳಗೆ, ‘ರ್ಯಾಂಡಮ್ ಡ್ರಗ್ ಟೆಸ್ಟಿಂಗ್ ಒಪ್ಪಿಗೆ ಪತ್ರ’ ಅಂತ ಇನ್ನೊಂದು ಹಾಳೆ. ಹನ್ನೆರಡು ವರ್ಷದ ಮಗುವಿಗೆ ಡ್ರಗ್ ಟೆಸ್ಟಾ? ಸಹಿ ಹಾಕದಿದ್ದರೆ ನಮ್ಮ ಮೇಲೇ ಅನುಮಾನ ಬರುತ್ತದಾ? ನಾಳೆಯೇ ಕೊಡಬೇಕಂತಲ್ಲ?

ನನ್ನ ಮೊದಲ ಉತ್ತರ ಯಾವಾಗಲೂ ಒಂದೇ: ಇವತ್ತು ರಾತ್ರಿ ಸಹಿ ಹಾಕಬೇಡಿ. ಹಾಕಲೇಬಾರದು ಎಂದಲ್ಲ, ಓದದೆ ಹಾಕಬೇಡಿ. ಇದು ಪಿಕ್ನಿಕ್ಕಿಗೆ ಕಳಿಸುವ ಅನುಮತಿ ಚೀಟಿಯ ಹಾಗೆ ಕಾಣುತ್ತದೆ, ಆದರೆ ನಿಜಕ್ಕೂ ಇದೊಂದು ಕರಾರು. ಮನೆಸಾಲದ ಕಾಗದವನ್ನು ಎಷ್ಟು ಜಾಗ್ರತೆಯಿಂದ ಓದುತ್ತೀರೋ ಇದನ್ನೂ ಅಷ್ಟೇ ಜಾಗ್ರತೆಯಿಂದ ಓದಿ. ನಾನು ವಕೀಲನೂ ಅಲ್ಲ, ಡಾಕ್ಟರೂ ಅಲ್ಲ. ಈ ಕಾಗದವನ್ನು ಹಲವು ಮನೆಗಳ ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದ ತಂದೆ, ಅಷ್ಟೇ.

ಮೊದಲು ಕೆಲವು ಪದಗಳು

‘ಪೂಲ್’ ಎಂದರೆ ಟೆಸ್ಟಿಗೆ ಒಪ್ಪಿದ ಮಕ್ಕಳ ಪಟ್ಟಿ. ‘ರ್ಯಾಂಡಮ್’ ಎಂದರೆ ಆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸುವುದು. ನಿಮ್ಮ ಮಗುವಿನ ಹೆಸರು ಬಂದರೆ ಯಾರಿಗೋ ಅನುಮಾನ ಬಂದಿದೆ ಎಂದು ಅರ್ಥವಲ್ಲ. ‘ಸ್ಕ್ರೀನಿಂಗ್’ ಎಂದರೆ ಮೊದಲ ಸುತ್ತಿನ ಅಗ್ಗದ ಪರೀಕ್ಷೆ. ಮೂತ್ರದ ಬಟ್ಟಲಿನ ಪಟ್ಟಿಯಲ್ಲಿ ಗೆರೆ ಮೂಡುತ್ತದೋ ಇಲ್ಲವೋ ನೋಡುವುದು, ಐದು ನಿಮಿಷದ ಕೆಲಸ. ‘ಕನ್ಫರ್ಮೇಶನ್’ ಎಂದರೆ ಅದೇ ಮಾದರಿಯನ್ನು ಲ್ಯಾಬಿಗೆ ಕಳಿಸಿ, ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ವಿಧಾನದಲ್ಲಿ ಇಂಥದ್ದೇ ಅಣು ಇಷ್ಟೇ ಪ್ರಮಾಣದಲ್ಲಿ ಇದೆ ಎಂದು ಖಚಿತಪಡಿಸಿಕೊಳ್ಳುವುದು. ‘ಕಟಾಫ್’ ಎಂದರೆ ಯಾವ ಪ್ರಮಾಣ ದಾಟಿದರೆ ಪಾಸಿಟಿವ್ ಎನ್ನುತ್ತಾರೋ ಆ ಗೆರೆ. ‘ಎಂಆರ್‌ಒ’ ಎಂದರೆ ಮೆಡಿಕಲ್ ರಿವ್ಯೂ ಆಫೀಸರ್. ಲ್ಯಾಬ್ ಫಲಿತಾಂಶ ಶಾಲೆಗೆ ಹೋಗುವ ಮೊದಲು ಮನೆಗೆ ಫೋನ್ ಮಾಡಿ ‘ಮಗು ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದೆಯೇ’ ಎಂದು ವಿಚಾರಿಸುವ ಡಾಕ್ಟರ್. ಈ ಕೊನೆಯ ಮನುಷ್ಯ ನಿಮ್ಮ ಶಾಲೆಯ ವ್ಯವಸ್ಥೆಯಲ್ಲಿ ಇದ್ದಾರೋ ಇಲ್ಲವೋ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಹಂತ 1: ಕೈಯಲ್ಲಿರುವುದು ಯಾವ ಬಗೆಯ ಪತ್ರ?

ಎಲ್ಲ ಶಾಲೆಗಳಲ್ಲೂ ಇದು ಇಲ್ಲ. ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ, ತಾನೇ ತೀರ್ಮಾನಿಸುತ್ತದೆ. ಪಕ್ಕದ ಊರಿನಲ್ಲಿ ಇಲ್ಲದ್ದು ನಿಮ್ಮಲ್ಲಿ ಇರಬಹುದು.

ಮೊದಲ ಬಗೆ, ಚಟುವಟಿಕೆಗೆ ಕಟ್ಟಿದ ಕಡ್ಡಾಯ ಟೆಸ್ಟ್. ಪಾಠಕ್ಕೆ ಕೂರಲು ಬೇಡ, ತಂಡಕ್ಕೆ ಸೇರಲು ಬೇಕು. ಇದರ ಬುಡ ಇರುವುದೇ ಒಬ್ಬ ಏಳನೇ ಕ್ಲಾಸಿನ ಹುಡುಗನ ಕೇಸಿನಲ್ಲಿ. ಒರೆಗಾನ್ ರಾಜ್ಯದ ವರ್ನೋನಿಯಾ ಎಂಬ ಸಣ್ಣ ಊರಿನಲ್ಲಿ ಜೇಮ್ಸ್ ಆಕ್ಟನ್ ಫುಟ್‌ಬಾಲ್ ತಂಡಕ್ಕೆ ಹೆಸರು ಕೊಟ್ಟ. ಟೆಸ್ಟಿನ ಒಪ್ಪಿಗೆ ಪತ್ರಕ್ಕೆ ಅಪ್ಪ ಅಮ್ಮ ಸಹಿ ಹಾಕಲಿಲ್ಲ, ಹುಡುಗನನ್ನು ಆಡಿಸಲಿಲ್ಲ. ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ, 1995ರಲ್ಲಿ 6-3ರಂತೆ ಶಾಲೆ ಗೆದ್ದಿತು. ಅಲ್ಲಿ ಸೀಸನ್ ಶುರುವಿನಲ್ಲಿ ಎಲ್ಲ ಆಟಗಾರರಿಗೂ ಟೆಸ್ಟ್, ಆಮೇಲೆ ಪ್ರತಿ ವಾರ ಪೂಲಿನಿಂದ ಶೇಕಡ 10ರಷ್ಟು ಮಕ್ಕಳಿಗೆ.

‘ನಮ್ಮ ಮಗ ಫುಟ್‌ಬಾಲ್ ಆಡಲ್ಲಪ್ಪ, ಅವನದೇನಿದ್ದರೂ ರೋಬಾಟಿಕ್ಸು’ ಎಂದು ನಿರಾಳವಾಗುವವರೇ ನಮ್ಮಲ್ಲಿ ಹೆಚ್ಚು. 2002ರಲ್ಲಿ ಓಕ್ಲಹೋಮಾದ ಟೆಕಮ್‌ಸೆ ಊರಿನ ಕೇಸಿನಲ್ಲಿ ಕೋರ್ಟು, ಈ ಸಲ 5-4ರಂತೆ, ಸ್ಪರ್ಧೆಗಿಳಿಯುವ ಎಲ್ಲ ಪಠ್ಯೇತರ ಚಟುವಟಿಕೆಗೂ ಟೆಸ್ಟ್ ಮಾಡಬಹುದೆಂದಿತು. ಕೇಸು ಹಾಕಿದ ಲಿಂಡ್ಸೇ ಅರ್ಲ್ಸ್ ಹಾಡಿನ ತಂಡ, ಬ್ಯಾಂಡು, ಕ್ವಿಜ್ ತಂಡದಲ್ಲಿದ್ದ ಹುಡುಗಿ. ಆ ಡಿಸ್ಟ್ರಿಕ್ಟಿನ ನಿಯಮ ಮಿಡ್ಲ್ ಸ್ಕೂಲಿಗೂ ಅನ್ವಯಿಸುತ್ತಿತ್ತು. ಹಾಗಾಗಿ ಸೈನ್ಸ್ ಒಲಿಂಪಿಯಾಡ್, ಚೆಸ್, ಡಿಬೇಟ್ ಯಾವುದೂ ಹೊರಗಲ್ಲ.

ಎರಡನೆಯದು ಐಚ್ಛಿಕ ಟೆಸ್ಟ್. ಆಟಕ್ಕೂ ಇದಕ್ಕೂ ಸಂಬಂಧವಿಲ್ಲ, ಪೋಷಕರು ತಾವಾಗಿ ಮಗುವಿನ ಹೆಸರು ಬರೆಸುತ್ತಾರೆ. 2010ರಲ್ಲಿ ನ್ಯೂಜೆರ್ಸಿಯ ಬೆಲ್ವಿಡಿಯರ್‌ನಲ್ಲಿ 6ರಿಂದ 8ನೇ ತರಗತಿಯವರಿಗೆ ಬಂದದ್ದು ಇದೇ. ಇಲ್ಲಿ ಸಹಿ ಹಾಕದಿದ್ದರೆ ಮಗುವಿಗೆ ಏನೂ ತಪ್ಪುವುದಿಲ್ಲ. ಪತ್ರದ ಧಾಟಿ ಎರಡರಲ್ಲೂ ಒಂದೇ ಇರುತ್ತದೆ, ಮೋಸಹೋಗಬೇಡಿ. ‘ಭಾಗವಹಿಸುವ ಷರತ್ತಾಗಿ’ ಎಂಬರ್ಥದ ಮಾತು ಇದೆಯೇ ಹುಡುಕಿ.

ಮೂರನೆಯದು ಅನುಮಾನದ ಮೇಲಿನ ಟೆಸ್ಟ್. ‘ನಿಮ್ಮ ಮಗ ತೂರಾಡುತ್ತಿದ್ದ, ಬಂದು ಕರೆದುಕೊಂಡು ಹೋಗಿ’ ಎಂಬ ಫೋನ್ ಬಂದರೆ ಅದು ರ್ಯಾಂಡಮ್ ಅಲ್ಲ, ಅದರ ನಿಯಮಗಳೇ ಬೇರೆ. ಈ ಲೇಖನ ಅದಕ್ಕಲ್ಲ.

ರಾಜ್ಯವನ್ನೂ ನೋಡಿಕೊಳ್ಳಿ. ಸುಪ್ರೀಂ ಕೋರ್ಟು ‘ಮಾಡಬಹುದು’ ಎಂದಿದೆ, ‘ಮಾಡಲೇಬೇಕು’ ಎಂದಿಲ್ಲ. ರಾಜ್ಯದ ಸಂವಿಧಾನ ಇನ್ನೂ ಬಿಗಿ ಇರಬಹುದು. ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು 2008ರಲ್ಲಿ, ಯಾವ ಅನುಮಾನವೂ ಇಲ್ಲದೆ ಕ್ರೀಡಾ ವಿದ್ಯಾರ್ಥಿಗಳ ರ್ಯಾಂಡಮ್ ಟೆಸ್ಟ್ ಮಾಡುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಪೆನ್ಸಿಲ್ವೇನಿಯಾದ್ದು 2003ರಲ್ಲಿ, ಶಾಲೆ ಗಟ್ಟಿ ಕಾರಣ ತೋರಿಸಬೇಕೆಂದಿತು. ಅದೇ ವರ್ಷ ಪಕ್ಕದ ನ್ಯೂಜೆರ್ಸಿಯ ಕೋರ್ಟು ಒಂದು ಹೈಸ್ಕೂಲಿನ ಟೆಸ್ಟನ್ನು ಎತ್ತಿಹಿಡಿಯಿತು. ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿರುವ ಭಾವ ‘ಇದೆಲ್ಲ ಕಾನೂನುಬಾಹಿರ’ ಎಂದರೆ ಅದು ಅವನ ಊರಿನ ಮಟ್ಟಿಗೆ ಸರಿ, ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಿಮಗಲ್ಲ.

ಖಾಸಗಿ ಶಾಲೆಯಾದರೆ ಸಂವಿಧಾನದ ಈ ವಾದಗಳು ಹೆಚ್ಚುಕಡಿಮೆ ನಡೆಯುವುದಿಲ್ಲ. ಅಡ್ಮಿಷನ್ ಸಮಯದಲ್ಲಿ ನೀವು ಸಹಿ ಮಾಡಿದ ಕಾಗದವೇ ಅಲ್ಲಿ ಕಾನೂನು.

ಹಂತ 2: ಪೂರ್ತಿ ಪಾಲಿಸಿ ತರಿಸಿಕೊಳ್ಳಿ

ಒಪ್ಪಿಗೆ ಪತ್ರ ಒಂದು ಪುಟ, ಅದು ಹೇಳುವ ಪಾಲಿಸಿ ಎಂಟು ಹತ್ತು ಪುಟ. ‘ಪಾಲಿಸಿಯನ್ನು ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬ ಸಾಲಿನ ಕೆಳಗೆ ನಿಮ್ಮ ಸಹಿ ಹೋಗುತ್ತದೆ, ಆ ಪಾಲಿಸಿಯನ್ನು ಕಣ್ಣಲ್ಲೂ ನೋಡಿರುವುದಿಲ್ಲ. ಡಿಸ್ಟ್ರಿಕ್ಟಿನ ಜಾಲತಾಣದಲ್ಲಿ ‘ಬೋರ್ಡ್ ಪಾಲಿಸಿ’ ವಿಭಾಗದಲ್ಲಿ ಸಿಗುತ್ತದೆ. ಸಿಗದಿದ್ದರೆ ಅಥ್ಲೆಟಿಕ್ ಡೈರೆಕ್ಟರಿಗೆ ಎರಡು ಸಾಲು ಇಮೇಲ್ ಹಾಕಿ. ಫೋನ್ ಬೇಡ. ಫೋನಿನಲ್ಲಿ ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಇಮೇಲ್ ಉಳಿಯುತ್ತದೆ.

ಪಾಲಿಸಿಯಲ್ಲಿ ಇವಕ್ಕೆ ಉತ್ತರ ಹುಡುಕಿ, ಇಲ್ಲದಿದ್ದರೆ ಅದೇ ಇಮೇಲಿನಲ್ಲಿ ಕೇಳಿ:

- ಯಾವ್ಯಾವ ವಸ್ತುಗಳಿಗೆ ಟೆಸ್ಟ್? ಹಳೆಯ ಐದರ ಪಟ್ಟಿ ಎಂದರೆ ಗಾಂಜಾ, ಕೊಕೇನ್, ಅಫೀಮಿನ ವರ್ಗ, ಆಂಫೆಟಮೈನ್ (ಉತ್ತೇಜಕ), ಪಿಸಿಪಿ (ಭ್ರಮೆ ಹುಟ್ಟಿಸುವ ಡ್ರಗ್). ಅದರಲ್ಲಿ ನಿಕೋಟಿನ್ ಇರುವುದಿಲ್ಲ. ಮಿಡ್ಲ್ ಸ್ಕೂಲಿನ ನಿಜವಾದ ತಲೆನೋವು ವೇಪಿಂಗ್ (ಇ-ಸಿಗರೇಟು ಸೇದುವುದು) ಆದ್ದರಿಂದ ಕೆಲವರು ಕೋಟಿನೈನ್, ಅಂದರೆ ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಆಗುವ ವಸ್ತು, ಸೇರಿಸುತ್ತಾರೆ.
- ಮಾದರಿ ಯಾವುದು? ಮೂತ್ರವೋ, ಎಂಜಲೋ, ಕೂದಲೋ?
- ಸ್ಕ್ರೀನಿಂಗ್ ಪಾಸಿಟಿವ್ ಬಂದರೆ ಲ್ಯಾಬ್ ಕನ್ಫರ್ಮೇಶನ್ ತಾನಾಗಿ ಆಗುತ್ತದೆಯೇ, ನಾವು ಕೇಳಬೇಕೇ? ಖರ್ಚು ಯಾರದು?
- ಎಂಆರ್‌ಒ ಇದ್ದಾರೆಯೇ?
- ಫಲಿತಾಂಶ ಎಷ್ಟು ಜನರ ಕಣ್ಣಿಗೆ ಬೀಳುತ್ತದೆ? ಪೊಲೀಸರಿಗೆ ಹೋಗುತ್ತದೆಯೇ? ಯಾವಾಗ ನಾಶಮಾಡುತ್ತಾರೆ?
- ಪಾಸಿಟಿವ್ ಆದರೆ ಶಿಕ್ಷೆ ಏನು?

ಕೊನೆಯೆರಡು ಪ್ರಶ್ನೆಗೆ ಬಂದ ಉತ್ತರವನ್ನು ಎರಡು ಸಲ ಓದಿ. ವರ್ನೋನಿಯಾದಲ್ಲೂ ಟೆಕಮ್‌ಸೆಯಲ್ಲೂ ಕೋರ್ಟು ಶಾಲೆಯ ಪರ ನಿಂತದ್ದು, ಫಲಿತಾಂಶ ಪೊಲೀಸರ ಕೈಗೆ ಹೋಗುವುದಿಲ್ಲ, ಬೇಕಾದ ಕೆಲವರಿಗೆ ಮಾತ್ರ ತಿಳಿಯುತ್ತದೆ, ಶಿಕ್ಷೆ ಚಟುವಟಿಕೆಗಷ್ಟೇ ಸೀಮಿತ ಎಂಬುದನ್ನು ನೋಡಿಕೊಂಡು. ಟೆಕಮ್‌ಸೆಯ ಶಿಕ್ಷೆಯ ಮೆಟ್ಟಿಲು ಹೀಗಿತ್ತು: ಮೊದಲ ಸಲ ಪಾಸಿಟಿವ್ ಬಂದರೆ ಪೋಷಕರನ್ನು ಕರೆದು ಮಾತು, ಐದು ದಿನದೊಳಗೆ ಕೌನ್ಸೆಲಿಂಗಿಗೆ ಹೋದ ಪುರಾವೆ, ಎರಡು ವಾರದಲ್ಲಿ ಮರುಟೆಸ್ಟ್, ಇಷ್ಟಕ್ಕೆ ಒಪ್ಪಿದರೆ ಮಗು ತಂಡದಲ್ಲೇ ಉಳಿಯಬಹುದು. ಎರಡನೇ ಸಲಕ್ಕೆ 14 ದಿನ ಹೊರಗೆ. ಮೂರನೇ ಸಲಕ್ಕೆ ವರ್ಷದ ಉಳಿದ ಭಾಗ ಅಥವಾ 88 ಶಾಲಾ ದಿನ, ಯಾವುದು ಹೆಚ್ಚೋ ಅದು. ಇದನ್ನು ಅಳತೆಗೋಲು ಮಾಡಿಕೊಳ್ಳಿ. ನಿಮ್ಮ ಶಾಲೆಯ ಪಾಲಿಸಿಯಲ್ಲಿ ಮೊದಲ ತಪ್ಪಿಗೇ ಶಾಲೆಯಿಂದ ಸಸ್ಪೆನ್ಷನ್ ಎಂದಿದ್ದರೆ ಅದು ಈ ಅಳತೆಗಿಂತ ಬಹಳ ದೂರ ಹೋಗಿದೆ. ಸಹಿಗೆ ಮೊದಲೇ ಪ್ರಶ್ನೆ ಎತ್ತಿ.

ಹಂತ 3: ಔಷಧದ ಡಬ್ಬಿ, ಆಮೇಲೆ ಅಡುಗೆಮನೆ

ನಮ್ಮವರು ಎಡವುವುದು ಇಲ್ಲೇ. ನಮ್ಮ ಮನೆಗಳಲ್ಲಿ ಎರಡು ದೇಶದ ಔಷಧ ಅಂಗಡಿ ಒಂದೇ ಡ್ರಾಯರಿನಲ್ಲಿ ಇರುತ್ತದೆ. ಒಂದು ಭಾನುವಾರ ಕೂತು ಎಲ್ಲ ಹೊರತೆಗೆಯಿರಿ.

ಗಸಗಸೆಯಿಂದ ಶುರುಮಾಡೋಣ. ಇದು ತಮಾಷೆಯಲ್ಲ. ಗಸಗಸೆ ಬರುವುದು ಅಫೀಮಿನ ಗಿಡದ ಕಾಯಿಯಿಂದ. ಕಾಳಿನ ಒಳಗೆ ಅಫೀಮಿನ ಮತ್ತಿನ ಅಂಶವಾದ ಮಾರ್ಫಿನ್ ಇಲ್ಲವೆಂದೇ ಹೇಳಬೇಕು, ಆದರೆ ಕಾಯಿಯ ಹಾಲು ಮೇಲ್ಮೈಗೆ ಮೆತ್ತಿಕೊಂಡಿರುತ್ತದೆ. ತೊಳೆದು ಹುರಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಪ್ರಮಾಣ ವಿಪರೀತ ವ್ಯತ್ಯಾಸ. ಅಮೆರಿಕನ್ ಮಗು ಬೇಗಲ್ ಮೇಲಿನ ಚಿಟಿಕೆ ಗಸಗಸೆ ತಿನ್ನುತ್ತದೆ. ನಮ್ಮ ಮಗು ಅಕ್ಕಿ, ಕಾಯಿತುರಿ, ಬೆಲ್ಲದ ಜೊತೆ ನುಣ್ಣಗೆ ರುಬ್ಬಿದ ಗಸಗಸೆ ಪಾಯಸವನ್ನು ಎರಡು ಲೋಟ ಕುಡಿಯುತ್ತದೆ. ಭಾನುವಾರ ಗೃಹಪ್ರವೇಶದ ಊಟ, ಸೋಮವಾರ ಬೆಳಿಗ್ಗೆ ನರ್ಸ್ ಕೋಣೆಯಿಂದ ಕರೆ. ಪಾಸಿಟಿವ್ ಬರುವುದು ಸಾಧ್ಯ. 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಎಚ್ಚರಿಸಿತು ಎಂದರೆ ನೋಡಿ.

ಇಲ್ಲಿ ಕಟಾಫ್ ಲೆಕ್ಕಕ್ಕೆ ಬರುತ್ತದೆ. ಕೇಂದ್ರ ಸರ್ಕಾರಿ ನೌಕರರ ಟೆಸ್ಟಿನಲ್ಲಿ ಅಫೀಮಿನ ವರ್ಗದ ಸ್ಕ್ರೀನಿಂಗ್ ಕಟಾಫನ್ನು 1998ರಲ್ಲಿ ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಗಸಗಸೆ ಮತ್ತು ಸಾಧಾರಣ ಔಷಧಿಗಳಿಂದ ಸಿಕ್ಕಿಬೀಳುವವರೇ ಹೆಚ್ಚಾಗಿದ್ದರು. ಶಾಲೆಗಳಿಗೆ ಆ ನಿಯಮ ಅನ್ವಯವಾಗುವುದಿಲ್ಲ, 300ರ ಬಟ್ಟಲುಗಳು ಈಗಲೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ‘ಅಫೀಮಿನ ವರ್ಗಕ್ಕೆ ನಿಮ್ಮ ಕಟಾಫ್ 300ವೋ 2000ವೋ’ ಎಂದು ಕೇಳಿ. ಈ ಪ್ರಶ್ನೆ ಕೇಳಿದರೆ ಎದುರಿನವರು ನಿಮ್ಮನ್ನು ಬೇರೆಯೇ ಗೌರವದಿಂದ ನೋಡುತ್ತಾರೆ, ಅದು ಬೋನಸ್ಸು. ಮಗು ಪೂಲಿನಲ್ಲಿ ಇರುವಷ್ಟು ದಿನ ಪಾಯಸಕ್ಕೆ ಶ್ಯಾವಿಗೆಯೋ ಹೆಸರುಬೇಳೆಯೋ ಸಾಕು. ಕುರ್ಮಾ, ಸಾಗುವಿನ ಮಸಾಲೆಗೂ ಗಸಗಸೆ ಬೀಳುತ್ತದೆ, ಮರೆಯಬೇಡಿ.

ಮುಂದೆ ಕೆಮ್ಮಿನ ಸಿರಪ್. ಊರಿಂದ ಬಂದ ಬಾಟಲಿಯ ಮೇಲೆ ಕೊಡೇನ್ ಎಂದಿದ್ದರೆ ಅದು ಅಫೀಮಿನ ವರ್ಗ, ಟೆಸ್ಟಿನಲ್ಲಿ ನಿಜವಾಗಿಯೇ ಪಾಸಿಟಿವ್. ಇಲ್ಲಿಯ ಡಾಕ್ಟರ ಚೀಟಿ ಇಲ್ಲದ್ದರಿಂದ ಎಂಆರ್‌ಒ ಮುಂದೆ ವಿವರಣೆಯೂ ನಿಲ್ಲುವುದಿಲ್ಲ. ಟೆಸ್ಟಿನ ಮಾತು ಬಿಡಿ, 2018ರಲ್ಲೇ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇಂಥ ಕೆಮ್ಮಿನ ಔಷಧಗಳನ್ನು 18 ದಾಟಿದವರಿಗೆ ಮಾತ್ರ ಎಂದು ಮಿತಿಗೊಳಿಸಿದೆ. ಎಸೆದುಬಿಡಿ.

ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ ತೊಂದರೆಗೆ, ಆ್ಯಡರಾಲ್ ಅಥವಾ ವೈವಾನ್ಸ್ ತೆಗೆದುಕೊಳ್ಳುವ ಮಗುವಿಗೆ ಆಂಫೆಟಮೈನ್ ಪಾಸಿಟಿವ್ ಬರಬೇಕಾದದ್ದೇ. ಡಾಕ್ಟರ ಪತ್ರ ಸಿದ್ಧವಿರಲಿ. ನೆಗಡಿಯ ಸ್ಯೂಡೋಎಫೆಡ್ರಿನ್ ಮಾತ್ರೆ ಸ್ಕ್ರೀನಿಂಗ್‌ನಲ್ಲಿ ಆಂಫೆಟಮೈನಿನಂತೆ ನಟಿಸಬಹುದು, ಕೆಮ್ಮಿನ ಡೆಕ್ಸ್ಟ್ರೋಮೆಥಾರ್ಫನ್ ಪಿಸಿಪಿಯಂತೆ. ಲ್ಯಾಬ್ ಕನ್ಫರ್ಮೇಶನ್‌ನಲ್ಲಿ ಇವೆರಡರ ನಟನೆಯೂ ಬಯಲಾಗುತ್ತದೆ. ವಿಕ್ಸ್ ಇನ್‌ಹೇಲರ್ ವಿಷಯದಲ್ಲೊಂದು ವಿಚಿತ್ರವಿದೆ: ನಮ್ಮೂರಿನದು ಪುದೀನ ಕರ್ಪೂರದ್ದು, ಅಮೆರಿಕದ ವಿಕ್ಸ್ ವೇಪೋಇನ್‌ಹೇಲರಿನಲ್ಲಿ ಲೆವ್ಮೆಟಾಂಫೆಟಮೈನ್ ಇರುತ್ತಿತ್ತು, ಈಗಲೂ ಕೆಲವು ಇನ್‌ಹೇಲರುಗಳಲ್ಲಿ ಇರಬಹುದು. ಹೆಸರೇ ಹೇಳುವ ಹಾಗೆ ಅದು ಮೆಥಾಂಫೆಟಮೈನಿನ ಕನ್ನಡಿ ಪ್ರತಿಬಿಂಬ. ಸಾಧಾರಣ ಲ್ಯಾಬ್ ಟೆಸ್ಟಿಗೂ ಎರಡರ ವ್ಯತ್ಯಾಸ ತಿಳಿಯದು, ಅದಕ್ಕೆಂದೇ ಬೇರೆ ಪರೀಕ್ಷೆ ಕೇಳಬೇಕು.

ಮಂಡಿನೋವಿಗೆಂದು ಮನೆಯಲ್ಲಿ ಸಿಬಿಡಿ (ಗಾಂಜಾ ಜಾತಿಯ ಹೆಂಪ್ ಗಿಡದಿಂದ ತೆಗೆದ, ಮತ್ತೇರಿಸದ ಅಂಶ) ಎಣ್ಣೆಯೋ ಅಂಟು ಮಿಠಾಯಿಯೋ ಇದ್ದರೆ ಬೀಗ ಹಾಕಿಡಿ. ‘ಹೆಂಪ್, ಕಾನೂನುಬದ್ಧ’ ಎಂದು ಬರೆದಿದ್ದರೂ ಅದರಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದ ಮತ್ತಿನ ಅಂಶ, ಇರಬಹುದು. ಟಿಎಚ್‌ಸಿಯದೇ ಇನ್ನೊಂದು ರೂಪವಾದ ಡೆಲ್ಟಾ-8 ಇರುವ ಮಿಠಾಯಿಯಂತೂ ಟೆಸ್ಟಿನ ಕಣ್ಣಿಗೆ ಗಾಂಜಾವೇ. ಬರಿ ಅಡಿಕೆಯಲ್ಲಿ ನಿಕೋಟಿನ್ ಇಲ್ಲ, ಗುಟ್ಕಾದಲ್ಲಿ ಹೊಗೆಸೊಪ್ಪು ಇರುವುದರಿಂದ ಕೋಟಿನೈನ್ ಬರುತ್ತದೆ.

ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ: ಔಷಧದ ಹೆಸರು, ಪ್ರಮಾಣ, ಕೊಟ್ಟ ಡಾಕ್ಟರು. ಆದರೆ ಅದನ್ನು ಕೋಚ್ ಕೈಗೆ ಕೊಡಬೇಡಿ. ಟೆಕಮ್‌ಸೆ ಕೇಸಿನಲ್ಲಿ ಎದ್ದ ದೂರುಗಳಲ್ಲಿ ಒಂದು, ಹಾಡಿನ ಮೇಷ್ಟ್ರು ಮಕ್ಕಳ ಔಷಧಿಯ ಪಟ್ಟಿಯನ್ನು ಉಳಿದ ಮಕ್ಕಳಿಗೆ ಕಾಣುವ ಹಾಗೆ ಬಿಟ್ಟಿದ್ದರು ಎಂಬುದು. ಅಂಟಿಸಿದ ಲಕೋಟೆಯಲ್ಲಿ ಹಾಕಿ, ‘ಪಾಸಿಟಿವ್ ಬಂದರೆ ಮಾತ್ರ ತೆರೆಯಿರಿ’ ಎಂದು ಬರೆದು ಶಾಲೆಯ ನರ್ಸಿಗೆ ಕೊಡಿ. ಎಂಆರ್‌ಒ ಇರುವ ಕಡೆ ಪಟ್ಟಿ ಮುಂಚಿತವಾಗಿ ಕೊಡುವ ಅಗತ್ಯವೇ ಇಲ್ಲ, ಅವರು ಕೇಳಿದಾಗ ಹೇಳಿದರಾಯಿತು.

ಮಾತ್ರೆಯನ್ನು ಮಗುವಿನ ಬ್ಯಾಗಿಗೆ ಹಾಕಿ ಕಳಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಅರಿಜೋನಾದ ಮಿಡ್ಲ್ ಸ್ಕೂಲೊಂದರಲ್ಲಿ 13 ವರ್ಷದ ಹುಡುಗಿಯನ್ನು ಐಬುಪ್ರೊಫೆನ್ ಮಾತ್ರೆ ಇಟ್ಟುಕೊಂಡಿದ್ದಾಳೆಂಬ ಅನುಮಾನದ ಮೇಲೆ ಒಳಉಡುಪಿನ ತನಕ ಶೋಧಿಸಿದ್ದರು. 2009ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ತೀರ್ಪು ಬರುವಷ್ಟರಲ್ಲಿ ಆ ಹುಡುಗಿ ಮಿಡ್ಲ್ ಸ್ಕೂಲು ಬಿಟ್ಟು ವರ್ಷಗಳೇ ಆಗಿದ್ದವು.

ಹಂತ 4: ಮಗುವಿನ ಜೊತೆ ಮಾತು

ಸಹಿಗೆ ಮೊದಲು, ಆಮೇಲಲ್ಲ. ‘ನೀನೇನಾದ್ರೂ ಮಾಡಿದೀಯಾ?’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಪತ್ರವನ್ನು ಅವರ ಕೈಗೇ ಕೊಟ್ಟು ಓದಿಸಿ. ಬಾತ್ರೂಮಿನಲ್ಲಿ ವೇಪ್ ಮಾಡುವವರು ಇದ್ದಾರಾ ಎಂದು ಕೇಳಿ, ಅವರಿಗೆ ಗೊತ್ತಿರುತ್ತದೆ. ಇದೊಂದು ಮಾತು ಅವರ ಕಿವಿಗೆ ಬೀಳಲಿ: ಏನಾದರೂ ಆಗಿದ್ದರೆ ಈಗಲೇ ಹೇಳು, ನಾವು ಕೂಗಾಡುವುದಿಲ್ಲ, ಈ ಸೀಸನ್ ಬಿಟ್ಟು ಮುಂದಿನದಕ್ಕೆ ಸೇರಿದರೂ ಆಗುತ್ತದೆ. ಹೇಳಿದ ಮೇಲೆ ಕೂಗಾಡದಿರುವುದು ನಿಮ್ಮ ಪಾಲಿನ ಕೆಲಸ.

ಇನ್ನೊಂದು, ನಾಚಿಕೆ. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಬಟ್ಟಲು ಹಿಡಿದು ಹೋಗುವುದೇ ದೊಡ್ಡ ಅವಮಾನ. ಕಾವಲಿರುವವರು ಬಾಗಿಲ ಹೊರಗೆ ನಿಲ್ಲುತ್ತಾರೋ ಒಳಗೋ ಎಂದು ಪಾಲಿಸಿ ನೋಡಿ ಮೊದಲೇ ಹೇಳಿಡಿ. ಟೆಕಮ್‌ಸೆಯಲ್ಲಿ ಮುಚ್ಚಿದ ಬಾಗಿಲ ಹೊರಗೆ ನಿಲ್ಲುತ್ತಿದ್ದರು. ಇದಕ್ಕಿಂತ ಹತ್ತಿರ ಬರುವುದಾದರೆ ನೀವು ಆಕ್ಷೇಪಿಸಲೇಬೇಕು.

ಹಂತ 5: ಸಹಿ ಹಾಕಬೇಕೇ?

ನಿರ್ಧಾರ ನಿಮ್ಮದು. ಶಾಲೆಯವರು ‘ಇದರಿಂದ ಮಕ್ಕಳಿಗೆ ಬೇಡ ಎನ್ನಲು ಒಂದು ನೆಪ ಸಿಗುತ್ತದೆ’ ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪುರಾವೆ ತೆಳು. 2003ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು 8, 10, 12ನೇ ತರಗತಿಗಳನ್ನು ನೋಡಿ, ಟೆಸ್ಟ್ ಇರುವ ಶಾಲೆಗೂ ಇಲ್ಲದ ಶಾಲೆಗೂ ಡ್ರಗ್ ಬಳಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದರು. 2010ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ 36 ಹೈಸ್ಕೂಲುಗಳ ಅಧ್ಯಯನದಲ್ಲಿ, ಟೆಸ್ಟಿಗೆ ಒಳಪಡುವ ಮಕ್ಕಳಲ್ಲಿ ಹಿಂದಿನ 30 ದಿನಗಳಲ್ಲಿ ಬಳಸಿದ್ದೇವೆ ಎಂದವರು ಶೇಕಡ 16, ಇಲ್ಲದ ಶಾಲೆಗಳಲ್ಲಿ ಶೇಕಡ 22. ಮುಂದೆ ಬಳಸುವ ಇರಾದೆಯಲ್ಲಿ ಮಾತ್ರ ಫರಕಿರಲಿಲ್ಲ. ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಶಾಲೆಗಳ ರ್ಯಾಂಡಮ್ ಟೆಸ್ಟಿಗೆ ಬೆಂಬಲವಿಲ್ಲ ಎಂದಿತು.

ನನ್ನನ್ನು ಕೇಳಿದರೆ, ಲ್ಯಾಬ್ ಕನ್ಫರ್ಮೇಶನ್ ಮತ್ತು ಎಂಆರ್‌ಒ ಎರಡೂ ಇದ್ದು, ಮಗುವಿಗೆ ಆ ತಂಡ ನಿಜಕ್ಕೂ ಬೇಕಿದ್ದರೆ ಸಹಿ ಹಾಕುತ್ತೇನೆ. ಇವೆರಡರಲ್ಲಿ ಒಂದಿಲ್ಲದಿದ್ದರೂ ಹಾಕುವುದಿಲ್ಲ. ಐಚ್ಛಿಕ ಪೂಲಿಗೆ ಹೇಗೂ ಹಾಕುವುದಿಲ್ಲ. ಅದೇ ಕೆಲಸವನ್ನು ಮಕ್ಕಳ ಡಾಕ್ಟರು ಹೆಚ್ಚು ಗುಟ್ಟಾಗಿ, ಹೆಚ್ಚು ಚೆನ್ನಾಗಿ ಮಾಡುತ್ತಾರೆ.

ಸಹಿ ಹಾಕದಿರಲು ನಿರ್ಧರಿಸಿದರೆ ಕಾರಣ ವಿವರಿಸುವ ಉದ್ದ ಪತ್ರ ಬೇಡ. ‘ಒಪ್ಪಿಗೆ ಕೊಡುತ್ತಿಲ್ಲ’ ಎಂಬ ಒಂದು ಸಾಲು ಸಾಕು. ಊರಿನ ಕ್ಲಬ್ ತಂಡಗಳು, ವೈಎಂಸಿಎ, ಕನ್ನಡ ಕೂಟದ ಕ್ರಿಕೆಟ್, ಇವು ಯಾವುವೂ ಶಾಲೆಯ ಕೈಯಲ್ಲಿಲ್ಲ. ಹಾಕಿದರೆ, ಸಹಿಯಾದ ಪ್ರತಿಯ ಫೋಟೋ ಇಟ್ಟುಕೊಳ್ಳಿ.

ಹಂತ 6: ಹೆಸರು ಬಂದ ದಿನ

ಸಾಮಾನ್ಯವಾಗಿ ಕ್ಲಾಸಿನ ಮಧ್ಯೆ ಚೀಟಿ ಬರುತ್ತದೆ, ನರ್ಸ್ ಕೋಣೆಗೆ ಹೋಗಬೇಕು. ಮೂತ್ರವಾದರೆ ಬಟ್ಟಲಿನ ಹೊರಮೈಯ ಪಟ್ಟಿ ಉಷ್ಣತೆ ತೋರಿಸುತ್ತದೆ. ಕೊಟ್ಟ ನಾಲ್ಕು ನಿಮಿಷದೊಳಗೆ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕೆಂಬುದು ವಾಡಿಕೆ. ಮಾದರಿಗೆ ಸೀಲ್ ಹಾಕಿ, ಮೇಲೆ ಮಗುವಿನ ಗುರುತಿನ ಸಂಖ್ಯೆ ಹಚ್ಚುವುದನ್ನು ಮಗು ಕಣ್ಣಾರೆ ನೋಡಬೇಕು. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಗೆ ‘ಚೈನ್ ಆಫ್ ಕಸ್ಟಡಿ’ ಎನ್ನುತ್ತಾರೆ, ಅದು ಶುರುವಾಗುವುದು ಆ ಸೀಲಿನಿಂದ.

‘ಹೆಚ್ಚು ನೀರು ಕುಡಿಸಿ ಕಳಿಸಿ’ ಎಂಬುದು ಕೆಟ್ಟ ಸಲಹೆ. ಮೂತ್ರ ತೀರಾ ತೆಳುವಾದರೆ ಕ್ರಿಯಾಟಿನಿನ್, ಅಂದರೆ ಮೂತ್ರದಲ್ಲಿ ಸಹಜವಾಗಿ ಇರುವ ತ್ಯಾಜ್ಯ, ಕಡಿಮೆ ತೋರಿಸಿ ‘ಡೈಲ್ಯೂಟ್’ ಎಂದು ಬರುತ್ತದೆ, ಏನೂ ಮಾಡದ ಮಗು ಮೋಸ ಮಾಡಿದ ಹಾಗೆ ಕಾಣುತ್ತದೆ. ‘ದೇಹಶುದ್ಧಿ’ ಪಾನೀಯಗಳ ಕಥೆಯೂ ಇದೇ. ಹೆದರಿ ಮೂತ್ರವೇ ಬಾರದಿದ್ದರೆ ಅದು ನಿರಾಕರಣೆಯಲ್ಲ, ಕಾಯಲು ಸಮಯ ಕೇಳಬಹುದೆಂದು ಮಗುವಿಗೆ ಗೊತ್ತಿರಲಿ.

ಕೂದಲಾದರೆ ಬುಡದಿಂದ ಸುಮಾರು ಒಂದೂವರೆ ಇಂಚು ಕತ್ತರಿಸುತ್ತಾರೆ, 90 ದಿನದ ಲೆಕ್ಕ ಸಿಗುತ್ತದೆ. ಬೇಸಿಗೆ ರಜೆಯಲ್ಲಿ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದಿದ್ದರೆ ಶಾಲೆಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಟೆಸ್ಟ್ ತಪ್ಪಿಸಲು ಬೋಳಿಸಿದ್ದೆಂದುಕೊಂಡಾರು.

ಹಂತ 7: ಪಾಸಿಟಿವ್ ಬಂದರೆ

ಕೂತುಕೊಳ್ಳಿ. ನೀರು ಕುಡಿಯಿರಿ. ಆ ಸಂಜೆ ಮಗುವನ್ನು ಬೈಯುವುದು, ಶಾಲೆಯವರು ಮುಂದಿಟ್ಟ ‘ತಪ್ಪೊಪ್ಪಿಗೆ’ಯಂಥ ಕಾಗದಕ್ಕೆ ಸಹಿ ಹಾಕುವುದು, ಎರಡೂ ಬೇಡ. ಮೊದಲ ಪ್ರಶ್ನೆ: ಇದು ಸ್ಕ್ರೀನಿಂಗೋ, ಕನ್ಫರ್ಮೇಶನ್ನೋ?

ಯಾಕೆಂದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ, ಸಂಖ್ಯೆಗಳು ಊಹೆಯವು. ಪೂಲಿನಲ್ಲಿ 500 ಮಕ್ಕಳು, ನಿಜವಾಗಿ ಬಳಸಿದವರು 10. ಬಟ್ಟಲು ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 490 ಮಕ್ಕಳಲ್ಲಿ ನೂರಕ್ಕೆ ಇಬ್ಬರಿಗೆ ಸುಮ್ಮನೆ ತಪ್ಪಾಗಿ ಪಾಸಿಟಿವ್ ತೋರಿಸಿದರೂ ಸುಮಾರು 10 ಮಕ್ಕಳಾಯಿತು. ಅಂದರೆ ಪಾಸಿಟಿವ್ ಬಂದ 19ರಲ್ಲಿ ಅರ್ಧಕ್ಕಿಂತ ಹೆಚ್ಚು ಏನೂ ಮಾಡದವರು! ನೂರಕ್ಕೆ 98 ಸರಿ ಎನ್ನುವ ಟೆಸ್ಟೇ ಇಷ್ಟು ಎಡವುತ್ತದೆ, ಬಳಸುವವರು ಕಡಿಮೆ ಇರುವ ಮಿಡ್ಲ್ ಸ್ಕೂಲಿನಂಥ ಕಡೆ. ಅದಕ್ಕೇ ಲ್ಯಾಬ್ ಖಚಿತಪಡಿಸದ ಪಾಸಿಟಿವ್‌ಗೆ ಯಾವ ಶಿಕ್ಷೆಯನ್ನೂ ಒಪ್ಪಬೇಡಿ.

ಬರವಣಿಗೆಯಲ್ಲಿ ಇವನ್ನು ಕೇಳಿ: ವಸ್ತುವಿನ ಹೆಸರು, ಅಳತೆ, ಕಟಾಫ್, ಲ್ಯಾಬಿನ ಹೆಸರು, ಕಸ್ಟಡಿ ದಾಖಲೆ. ಮಾದರಿಯನ್ನು ಎರಡು ಬಾಟಲಿ ಮಾಡಿದ್ದರೆ ಎರಡನೆಯದನ್ನು ಬೇರೆ ಲ್ಯಾಬಿಗೆ ಕಳಿಸಲು ಕೇಳಬಹುದು. ಅದಕ್ಕೆ ಗಡುವಿರುತ್ತದೆ (ಸಾರಿಗೆ ಇಲಾಖೆಯ ನಿಯಮದಲ್ಲಿ 72 ಗಂಟೆ), ನಿಮ್ಮ ಪಾಲಿಸಿಯಲ್ಲಿ ಎಷ್ಟೆಂದು ನೋಡಿ. ಎಂಆರ್‌ಒ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡುತ್ತಾರೆ. ಸ್ಪ್ಯಾಮ್ ಅಂದುಕೊಂಡು ಎತ್ತದಿದ್ದರೆ ವಿವರಣೆ ಕೊಡುವ ಅವಕಾಶವೇ ಹೋಗಬಹುದು. ಗಸಗಸೆಯ ಅನುಮಾನವಿದ್ದರೆ ‘6-ಎಎಂ ನೋಡಿದ್ದೀರಾ’ ಎಂದು ಕೇಳಿ. ಅದು ಹೆರಾಯಿನ್‌ನಿಂದ ಮಾತ್ರ ಬರುವ ಗುರುತು, ಗಸಗಸೆಯಿಂದ ಬರುವುದಿಲ್ಲ. ಆದರೆ ಅದು ಇಲ್ಲದ ಮಾತ್ರಕ್ಕೆ ಗಸಗಸೆಯೇ ಎಂದು ಸಾಬೀತಾಗುವುದಿಲ್ಲ, ಹೆರಾಯಿನ್ ತೆಗೆದುಕೊಂಡವರಲ್ಲೂ ಅದು ಬೇಗ ಮಾಯವಾಗುತ್ತದೆ.

ಫಲಿತಾಂಶ ನಿಜವೇ ಆಗಿದ್ದರೆ? ಆಗುತ್ತದೆ, ನಮ್ಮ ಮನೆಗಳಲ್ಲೂ ಆಗುತ್ತದೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿ, ಮಗುವನ್ನು ಒಂಟಿಯಾಗಿ ಅವರೊಡನೆ ಮಾತಾಡಲು ಬಿಡಿ. ಹೆರಿಗೆ, ಮದುವೆ ಎಲ್ಲಕ್ಕೂ ನಾಲ್ಕು ಜನರನ್ನು ಕೇಳುವ ನಾವು ಇಂಥದ್ದಕ್ಕೆ ಮಾತ್ರ ‘ಯಾರಿಗೂ ಗೊತ್ತಾಗಬಾರದು’ ಎಂದು ಬಾಗಿಲು ಹಾಕಿಕೊಳ್ಳುತ್ತೇವೆ. ಕೇಂದ್ರ ಸರ್ಕಾರದ ಉಚಿತ, ಗುಟ್ಟಿನ ಸಹಾಯವಾಣಿ 1-800-662-4357, ದಿನದ 24 ಗಂಟೆಯೂ ಇರುತ್ತದೆ.

ಎಚ್-4 ವೀಸಾದಲ್ಲಿರುವವರಿಗೆ ಒಂದು ಮಾತು. ಶಾಲೆಯ ಟೆಸ್ಟ್ ಫಲಿತಾಂಶ ಅಪರಾಧದ ತೀರ್ಪಲ್ಲ. ಆದರೆ ವಿಷಯ ಪೊಲೀಸರ ತನಕ ಹೋದರೆ, ಮಗು ಒಂದಕ್ಷರ ಹೇಳುವ ಮೊದಲು ವಲಸೆ ವಕೀಲರಿಗೆ ಫೋನ್ ಮಾಡಿ. ರಾಜ್ಯದಲ್ಲಿ ಗಾಂಜಾ ಅಂಗಡಿ ಇರಬಹುದು, 21 ದಾಟಿದವರಿಗೆ. ಕೇಂದ್ರ ಕಾನೂನಿನಲ್ಲಿ ಅದು ಈಗಲೂ ಅಪರಾಧ, ವಲಸೆ ಕಚೇರಿ ನೋಡುವುದು ಕೇಂದ್ರದ ಕಾನೂನನ್ನೇ. ಪ್ರಮಾಣ ಮಾಡಿ ಒಪ್ಪಿಕೊಂಡ ಮಾತು ತೀರ್ಪಿಲ್ಲದೆಯೂ ಮುಂದೆ ಗ್ರೀನ್ ಕಾರ್ಡಿಗೆ ಅಡ್ಡಬರಬಹುದು.

ಹಂತ 8: ಸೀಸನ್ ಮುಗಿದ ಮೇಲೆ

ಇದನ್ನು ಬಹುತೇಕರು ಮರೆಯುತ್ತಾರೆ. ನವೆಂಬರ್‌ನಲ್ಲಿ ಓಟದ ಸೀಸನ್ ಮುಗಿಯಿತು, ಮಗಳು ಬೂಟು ಎತ್ತಿಟ್ಟಳು, ಪೂಲಿನಲ್ಲಿ ಹೆಸರು ಮಾತ್ರ ಹಾಗೇ ಇದೆ. ಕೆಲವು ಪಾಲಿಸಿಗಳಲ್ಲಿ ಒಪ್ಪಿಗೆ ಇಡೀ ಶಾಲಾ ವರ್ಷಕ್ಕೆ. ಏಪ್ರಿಲ್‌ನಲ್ಲಿ, ಯುಗಾದಿಯ ಊಟದ ಮರುದಿನ, ಯಾವ ತಂಡದಲ್ಲೂ ಇಲ್ಲದ ಮಗುವಿಗೆ ಚೀಟಿ ಬಂದೀತು. ಹೆಸರು ತೆಗೆಯಲು ಪಾಲಿಸಿ ಬಿಡುತ್ತದಾದರೆ ಇಮೇಲ್ ಹಾಕಿ, ‘ತೆಗೆದಿದ್ದೇವೆ’ ಎಂಬ ಉತ್ತರ ಬರುವವರೆಗೆ ಬಿಡಬೇಡಿ.

ಜೂನ್‌ನಲ್ಲಿ ಇನ್ನೊಂದು ಪತ್ರ. ಫರ್ಪಾ ಎಂಬ 1974ರ ಕಾನೂನಿನ ಪ್ರಕಾರ ಮಗುವಿನ ಶಾಲಾ ದಾಖಲೆ ನೋಡಲು ಪೋಷಕರಿಗೆ ಹಕ್ಕಿದೆ, ಕೇಳಿದ 45 ದಿನದೊಳಗೆ ಶಾಲೆ ತೋರಿಸಬೇಕು. ಟೆಸ್ಟಿಗೆ ಸಂಬಂಧಿಸಿದ ಕಾಗದಗಳು ಎಲ್ಲಿವೆ, ನಾಶವಾದವೇ, ಎಂಟನೇ ಕ್ಲಾಸು ಮುಗಿಸಿ ಹೈಸ್ಕೂಲಿಗೆ ಹೋಗುವಾಗ ಹಿಂದೆಯೇ ಹೋಗುತ್ತವೆಯೇ ಎಂದು ಕೇಳಿ. ಅಂಟಿಸಿ ಕೊಟ್ಟ ಔಷಧದ ಲಕೋಟೆಯನ್ನು ಒಡೆಯದೆ ಇದ್ದರೆ ವಾಪಸ್ ತೆಗೆದುಕೊಂಡು ಬನ್ನಿ.